ಕಿಟಕಿಗೆ ಹೊಂದದ ಗ್ರಿಲ್ಲು

ಚನ್ನಪಟ್ಟಣದ ಬಾಲರಾಜುವಿಗೆ ನಲವತ್ತಾರು ತುಂಬಿದ್ದರೂ ‘ಗೊತ್ತಿಲ್ಲ’ ಅನ್ನುವ ಮಾತು ಒಂದು ಸಲವೂ ಬಾಯಿಗೆ ಬಂದಿರಲಿಲ್ಲ. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಅವನಿಗೆ ಕೆಲಸ. ದಿನಾ ಬೆಳಗಿನ ರೈಲಿನಲ್ಲಿ ನಿಂತುಕೊಂಡು ಹೋಗುವಾಗ ಯಾರಿಗೆ ಮಂಡಿ ಹಿಡಿದುಕೊಂಡರೂ, ಯಾರ ಬೋರಿನ ಮೋಟಾರು ಸುಟ್ಟರೂ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದರೂ ಬಾಲರಾಜುವಿನ ಹತ್ತಿರ ಉಪಾಯ ಸಿದ್ಧ. ಆ ಉಪಾಯದಿಂದ ಯಾರಿಗಾದರೂ ಒಳ್ಳೆಯದಾಗಿದ್ದಕ್ಕೆ ಸಾಕ್ಷಿಯಿಲ್ಲ. ಆದರೂ ಜನ ಕೇಳುತ್ತಿದ್ದರು. ಬಿಡದಿ ಬರುವವರೆಗೆ ಹೊತ್ತು ಹೋಗಬೇಕಲ್ಲ.

ಹೀಗಿರುವಾಗ ಕಾರ್ಖಾನೆಯ ಮ್ಯಾನೇಜರ್ ಪಟವರ್ಧನ್ ಸಾಹೇಬರಿಗೆ ಪುಣೆಗೆ ವರ್ಗವಾಯಿತು. ಬೀಳ್ಕೊಡುಗೆಯ ಟೀ ಹೊತ್ತಿನಲ್ಲಿ ಸಾಹೇಬರು, “ನಮ್ಮನೇಲಿ ಒಂದು ಗ್ರಿಲ್ ಇದೆ. ಅಷ್ಟು ದೂರ ಹೊತ್ತುಕೊಂಡು ಹೋಗೋಕಾಗಲ್ಲ. ಚೆನ್ನಾಗಿ ನೋಡಿಕೊಳ್ಳೋಕೆ ಯಾರಿಗಾದರೂ ಬರುತ್ತಾ?” ಎಂದು ಕೇಳಿದರು.

ಬೇರೆಯವರು ಬಾಯಲ್ಲಿದ್ದ ಸಮೋಸ ನುಂಗುವಷ್ಟರಲ್ಲಿ ಬಾಲರಾಜುವಿನ ಕೈ ಮೇಲೆದ್ದಿತ್ತು. “ನಂಗೆ ಗೊತ್ತು ಸಾರ್. ವರ್ಷಕ್ಕೊಂದ್ಸಲ ಪೇಂಟ್ ಹೊಡೆದ್ರೆ ಇಪ್ಪತ್ತು ವರ್ಷ ಅಲ್ಲಾಡಕ್ಕಿಲ್ಲ.”

ಸಾಹೇಬರು ಇದು ತಮಾಷೆ ಅಂದುಕೊಂಡು ನಕ್ಕರು. ಬಾಲರಾಜು ತಮಾಷೆ ಮಾಡಿರಲಿಲ್ಲ. ಅವನ ಮನೆಯ ಅಡುಗೆಮನೆ ಕಿಟಕಿಗೆ ಗ್ರಿಲ್ಲಿರಲಿಲ್ಲ. ಕೋತಿಗಳು ಒಳಗೆ ಬಂದು ಎರಡು ಸಲ ತೆಂಗಿನಕಾಯಿಯನ್ನೂ ಒಂದು ಸಲ ಕುಕ್ಕರಿನ ಸೀಟಿಯನ್ನೂ ಎತ್ತಿಕೊಂಡು ಹೋಗಿದ್ದವು. ಆ ಸೀಟಿ ಹೋದಾಗಿನಿಂದ ಹೆಂಡತಿ ಶ್ವೇತ ಅದರ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು.

ಬಾಲರಾಜು ಕಿಟಕಿಯ ಅಳತೆ ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡು, ಲಗೇಜ್ ಆಟೋ ಮಾಡಿಕೊಂಡು ಸಾಹೇಬರ ಮನೆಗೆ ಹೋದ. ಅಲ್ಲಿ ಅವನ ಕೈಗೆ ಒಪ್ಪಿಸಿದ್ದು ಬಸುರಿ ಹೊಟ್ಟೆಯ ಹಾಗೆ ದುಂಡಗಿದ್ದ, ಇದ್ದಿಲಿಗಿಂತ ಕಪ್ಪಗಿದ್ದ, ಮೂರು ಕಾಲಿನ ಒಂದು ವಸ್ತು. ಎರಡು ಕಾಲಿಗೆ ಚಕ್ರ, ತಲೆಗೆ ತೂತಿರುವ ಮುಚ್ಚಳ, ಒಳಗೆ ಕಬ್ಬಿಣದ ಕಂಬಿಗಳ ಜಾಲರಿ. ಇದ್ದಿಲು ಹಾಕಿ ಕೋಳಿ ಸುಡುವ ಬಾರ್ಬೆಕ್ಯೂ ಒಲೆ. ಸಾಹೇಬರ ಹೆಂಡತಿ “ಎಂಜಾಯ್” ಅಂದರು. ಬಾಲರಾಜು ‘ಥ್ಯಾಂಕ್ಯೂ’ ಅಂದ. ಇನ್ನೇನು ಅನ್ನುತ್ತಾನೆ?

ಶ್ವೇತ ಅದರ ಸುತ್ತ ಒಂದು ಸುತ್ತು ಬಂದಳು. “ಇದನ್ನ ಕಿಟಕಿಗೆ ಹೆಂಗ್ರೀ ಕೂರ್ಸೋದು?”

“ಕಿಟಕಿಗೆ ಅಂತ ಯಾರು ಹೇಳಿದ್ರು ನಿಂಗೆ? ಇದು ಬಾರ್ಬೆಕ್ಯೂ. ದೊಡ್ಡ ಮನುಷ್ಯರ ಮನೇಲಿ ಇರ್ತದೆ.”

“ದೊಡ್ಡ ಮನುಷ್ಯರ ಮನೆ ಕಿಟಕಿಗೂ ಗ್ರಿಲ್ಲಿರ್ತದೆ,” ಅಂದು ಶ್ವೇತ ಒಳಗೆ ಹೋದಳು.

ಮಾರನೆಯ ದಿನ ರೈಲಿನಲ್ಲಿ ಬಾಲರಾಜು ಆರು ಜನರನ್ನು ಬಾರ್ಬೆಕ್ಯೂ ಊಟಕ್ಕೆ ಕರೆದುಬಿಟ್ಟಿದ್ದ. ಬರುವ ಭಾನುವಾರವಲ್ಲ, ಅದರಾಚೆ ಭಾನುವಾರ, ಮಧ್ಯಾಹ್ನ, ಅವನ ತಾರಸಿಯ ಮೇಲೆ. ಕರೆದ ಮೇಲೆಯೇ ಅವನು ಮುಚ್ಚಳ ತೆಗೆದು ಒಳಗೆ ನೋಡಿದ್ದು. ಸಾಹೇಬರು ಎರಡು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. ಕಂಬಿಗಳಿಗೆ ತುಕ್ಕು, ತುಕ್ಕಿನ ಮೇಲೆ ಹಳೇ ಜಿಡ್ಡು, ಜಿಡ್ಡಿನ ಮೇಲೆ ಒಂದು ಜೇಡರ ಸಂಸಾರ.

ಈ ನಡುವೆ ಗುರುವಾರ ಒಂದು ಜಗಳವಾಯಿತು. ಪಕ್ಕದ ಮನೆಯ ನಾಗರಾಜು ರೇಷ್ಮೆಗೂಡಿನ ವ್ಯಾಪಾರಿ. ರಾಮನಗರದ ಮಾರುಕಟ್ಟೆಯಲ್ಲಿ ಅವನು ಬಾಯಿ ತೆಗೆದರೆ ಕನಕಪುರದ ರೈತನಿಗೂ ರೇಟು ಗೊತ್ತಾಗುತ್ತದೆ ಎನ್ನುವಷ್ಟು ಗಂಟಲು. ಅವನ ತಾರಸಿಯ ಪೈಪು ಬಾಲರಾಜುವಿನ ಅಂಗಳಕ್ಕೆ ನೀರು ಸುರಿಯುತ್ತಿತ್ತು. ಅಂದು ಆ ನೀರು ಬಾಲರಾಜುವಿನ ತಲೆಯ ಮೇಲೇ ಬಿತ್ತು. ಅವನು ಪೈಪಿನ ಕಡೆ ಬೆರಳು ತೋರಿಸಿ ಇಡೀ ಬೀದಿಗೆ ಕೇಳುವಂತೆ ಕೂಗಿದ: “ಇನ್ನು ಮೂರೇ ದಿನ! ಈ ಬಾಯಿ ಮುಚ್ಚಿಸದೆ ಹೋದ್ರೆ ನನ್ನ ಹೆಸ್ರು ಬಾಲರಾಜು ಅಲ್ಲ!”

ಬೆರಳಿನ ನೇರಕ್ಕೆ, ಪೈಪಿನ ಹಿಂದೆ, ನಾಗರಾಜು ಹಲ್ಲುಜ್ಜುತ್ತಾ ನಿಂತಿದ್ದ.

ಮೂರನೆಯ ದಿನ ಭಾನುವಾರ. ಬಾಲರಾಜು ಕ್ಯಾಲೆಂಡರ್ ನೋಡಿರಲಿಲ್ಲ. ನೋಡಿದ್ದರೆ ಅವತ್ತು ಅಮಾವಾಸ್ಯೆ ಎಂದು ತಿಳಿಯುತ್ತಿತ್ತು. ಬೆಳಗ್ಗೆ ಹತ್ತು ಗಂಟೆಗೆ ತಾರಸಿಯ ಮೇಲೆ ಗ್ರಿಲ್ಲು ಇಟ್ಟು, ತೊಳೆಯುವ ಬಗೆ ಕೇಳಲು ಶೋಯೆಬ್‌ಗೆ ಫೋನ್ ಮಾಡಿದ. ಶೋಯೆಬ್ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವನು, ಕಬಾಬಿನಲ್ಲಿ ಕೈ ಪಳಗಿದವನು.

“ನಂಗೆ ಗೊತ್ತಿರೋದೇ ಕಣಪ್ಪಾ. ನಿಂಗೂ ಗೊತ್ತೈತಾ ಅಂತ ನೋಡ್ತೀನಿ, ಹೇಳು,” ಅಂದ ಬಾಲರಾಜು. ಕೈಯೆಲ್ಲ ಜಿಡ್ಡಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೋಟುಗೋಡೆಯ ಮೇಲಿಟ್ಟಿದ್ದ. ಗೋಡೆಯ ಆಚೆ ಬದಿಯಲ್ಲಿ ನಾಗರಾಜುವಿನ ಹೆಂಡತಿ ಮಂಗಳಗೌರಮ್ಮ ಸಂಡಿಗೆ ಒಣಗಿಸುತ್ತಿದ್ದಳು. ಅವಳ ಕಿವಿಗೆ ಬಿದ್ದ ಮಾತುಕತೆ ಇಷ್ಟು:

“ಮೊದ್ಲು ಕಬ್ಬಿಣದ ಬ್ರಷ್ಷಲ್ಲಿ ಮೈಯೆಲ್ಲ ಕೆರೀಬೇಕಣ್ಣಾ. ಆಮೇಲೆ ಎಣ್ಣೆ ಸವರಿ ಬೆಂಕಿ ಹಾಕಿ. ಒಳಗೆ ಏನೂ ಇಡಬಾರ್ದು. ಒಂದು ಗಂಟೆ ಬರೀದೇ ಉರೀಲಿ.”

“ಆಮೇಲೆ?”

“ನಿಂಬೆಹಣ್ಣು ಅಡ್ಡ ಕೊಯ್ದು, ಉಪ್ಪಲ್ಲಿ ಅದ್ದಿ ಉಜ್ಜಿ. ಎಷ್ಟು ವರ್ಷದಿಂದ ಹಿಡ್ಕೊಂಡಿರೋದಾದ್ರೂ ಬಿಟ್ಟು ಹೋಗ್ತದೆ.”

“ಹೋಗ್ನಿಲ್ಲ ಅಂದ್ರೆ?”

“ಕಾದಿರೋವಾಗ್ಲೇ ಕಡ್ಡಿಗೆ ಅರ್ಧ ಈರುಳ್ಳಿ ಚುಚ್ಚಿ ಉಜ್ಜಿ. ಚೊಯ್ ಅಂತ ಸದ್ದು ಬರ್ಬೇಕು. ಬಂದ್ರೆ ಕೆಲ್ಸ ಆಯ್ತು ಅಂತ.”

“ಬೂದಿ?”

“ಬೂದಿ ಒಳಗಿಟ್ಕೋಬೇಡಿ, ನಿಮಗೇ ಹಾಳು. ಪೂರ್ತಿ ತಣ್ಣಗಾದ್ಮೇಲೆ ಆಚೆಗೆ ಹಾಕ್ಬಿಡಿ. ಮುಂದಿನ ಭಾನುವಾರ ಕೋಳಿ.”

ಮಂಗಳಗೌರಮ್ಮ ಸಂಡಿಗೆಯ ಚಾಪೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಒಂದು ಗಂಟೆ ಕಳೆದ ಮೇಲೆ ಗೋಡೆಯಾಚೆಯಿಂದ ಚೊಯ್ ಎಂಬ ಸದ್ದು ಕೇಳಿದ್ದೂ, ಕೆಳಗೆ ಊಟದ ಮನೆಯಲ್ಲಿ ಬಿಸಿ ತಟ್ಟೆ ಇಡ್ಲಿಯನ್ನು ಗಬಗಬ ತಿನ್ನುತ್ತಿದ್ದ ನಾಗರಾಜು “ಹಿಕ್” ಅಂದದ್ದೂ ಒಂದೇ ಗಳಿಗೆಯಲ್ಲಿ.

ಬಿಕ್ಕಳಿಕೆ ಅಂದರೆ ಎಲ್ಲರಿಗೂ ಬರುವುದೇ. ನೀರು ಕುಡಿದ, ನಿಲ್ಲಲಿಲ್ಲ. ಉಸಿರು ಕಟ್ಟಿದ, ಕಣ್ಣು ಮೇಲೆ ಬಂತೇ ಹೊರತು ಬಿಕ್ಕಳಿಕೆ ಹೋಗಲಿಲ್ಲ. ಯಾರೋ ನೆನೆಸಿಕೊಳ್ಳುತ್ತಿರಬೇಕೆಂದು ನೆಂಟರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿದರು. ಸಾಲಾಗಿ ಅರವತ್ತು ಹೆಸರು ಮುಗಿದು, ಕೊನೆಗೆ ಯಾರೋ “ಬಾಲರಾಜು” ಅಂದರು. ಆಗ ಒಂದು ದೊಡ್ಡ “ಹಿಕ್” ಬಂತು. ಅಲ್ಲಿಗೆ ಬೀದಿಯ ಸಂಶಯ ತೀರಿತು.

ಸೋಮವಾರ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯ ಜೊತೆಯಲ್ಲೇ ಬಿಕ್ಕಳಿಕೆಯೂ ಹೊತ್ತು ಹೊತ್ತಿಗೆ ಬರುತ್ತಿತ್ತು. ನಾಗರಾಜು ಮಾರುಕಟ್ಟೆಯ ಹರಾಜಿಗೆ ಹೋಗಿ “ಆರ್‌ನೂ—ಹಿಕ್” ಅನ್ನುವಷ್ಟರಲ್ಲಿ ಬೇರೆಯವರು ಗೂಡಿನ ಲಾಟನ್ನು ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಬಾಲರಾಜು ಕೂಗಿದ ಹಾಗೆಯೇ ಆ ದೊಡ್ಡ ಬಾಯಿ ಮುಚ್ಚಿಹೋಗಿತ್ತು.

ಬಾಲರಾಜುವಿಗೆ ಇದಾವುದೂ ತಿಳಿಯದು. ಬೀದಿಯಲ್ಲಿ ಜನ ತನಗೆ ದಾರಿ ಬಿಡುತ್ತಿದ್ದುದನ್ನು ಅವನು ಮರ್ಯಾದೆ ಅಂದುಕೊಂಡ. ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಹೊರಗಿನಿಂದಲೇ ಎಸೆದು ಓಡಿದ್ದನ್ನು ಕೆಲಸದ ಚುರುಕು ಅಂದುಕೊಂಡ. ಮಂಗಳವಾರ ಬೈರಮಂಗಲದಿಂದ ಅತ್ತೆ ಬೈರಮ್ಮ ಬಸ್ಸಿಳಿದು ಬಂದಾಗಲೇ ಅವನಿಗೆ ವಿಷಯ ಗೊತ್ತಾದದ್ದು.

ಆಕೆ ಒಳಗೆ ಬಂದವಳೇ ಚೀಲ ಕೆಳಗಿಟ್ಟು ಅಳಿಯನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಅಲ್ಲ ಅಳಿಮಯ್ಯ, ಇಂಥಾ ವಿದ್ಯೆ ಐತೆ ಅಂತ ಮದುವೆ ಹೊತ್ನಲ್ಲಿ ಒಂದು ಮಾತು ಹೇಳ್ನಿಲ್ವಲ್ಲ ನೀವು.”

“ಯಾವ ವಿದ್ಯೆ ಅತ್ತೆ?”

“ಬುಡಿ, ಬುಡಿ. ಮನೆಯೋರತ್ರ ಮುಚ್ಚಿಟ್ರೆ ಹೆಂಗೆ? ಪಕ್ಕದ ಮನೆಯೋನ್ಗೆ ಅಮಾಸೆ ದಿನ ನಿಂಬೆಣ್ಣು ಕೊಯ್ದು ಬಾಯಿ ಕಟ್ಟಿದ್ದೀರಂತೆ. ನಮ್ಮೂರ್ವರ್ಗೂ ಸುದ್ದಿ ಬಂದೈತೆ.”

ಬಾಲರಾಜು ಕುಳಿತಲ್ಲಿಂದ ಎದ್ದ. “ಅದು ಒಲೆ ಅತ್ತೆ! ಒಲೆ ತೊಳೆದೆ!”

“ಒಲೆ ತೊಳ್ಯೋಕೆ ನಿಂಬೆಣ್ಣು ಯಾಕೆ? ನಾನು ನಲವತ್ತು ವರ್ಷದಿಂದ ಸಗಣಿ ಬಳ್ಕೊಂಡು ಬತ್ತಾ ಇವ್ನಿ. ಬರೀ ಒಲೆ ಉರಿಸ್ಬಾರ್ದು ಅಂತ ಮೂರು ವರ್ಷದ ಮಗೀಗೂ ಗೊತ್ತು. ಬೂದಿ ಎಲ್ಲಿಗಾಕುದ್ರಿ?”

“ಆಚೆ ಮೋರಿಗೆ.”

“ಗಾಳಿ ಯಾವ ಕಡೆ ಇತ್ತು?”

ಬಾಲರಾಜು ಯೋಚಿಸಿದ. ಗಾಳಿ ನಾಗರಾಜುವಿನ ಬಾಗಿಲ ಕಡೆಗಿತ್ತು. ಅವನು ಆ ಬಾಗಿಲ ಕಡೆಗೊಮ್ಮೆ ಕಣ್ಣು ಹಾಯಿಸಿದ. ಬೈರಮ್ಮ ತಲೆದೂಗಿ, ದನಿ ತಗ್ಗಿಸಿ ಕೇಳಿದಳು: “ನಮ್ಮ ಹೊಲದ ಒತ್ತಿನಲ್ಲಿ ಒಬ್ಬ ಅವ್ನೆ, ಬದು ಒತ್ತರಿಸ್ತಾ ಅವ್ನೆ. ಅವನ್ಗೂ ಒಸಿ ಏನಾದ್ರೂ ಮಾಡಕಾಯ್ತದಾ?”

ಬುಧವಾರ ಪೊಲೀಸರು ಬಂದರು. ಎಎಸ್‌ಐ ಗಂಗಹನುಮಯ್ಯನವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದವರು. ಆ ಎರಡು ವರ್ಷ ಯಾವ ತಂಟೆಯೂ ಇಲ್ಲದೆ ಕಳೆದರೆ ಸಾಕೆಂದು ಇದ್ದವರು. ಕೈಯಲ್ಲಿ ಮಂಗಳಗೌರಮ್ಮನ ಅರ್ಜಿಯಿತ್ತು. ಅದನ್ನು ತಾರಸಿಯ ಮೇಲೆ ನಿಂತು ಗಟ್ಟಿಯಾಗಿ ಓದಿದರು: “ಎದುರುದಾರನಾದ ಬಾಲರಾಜು ಎಂಬಾತನು ಮೂರು ಕಾಲಿನ ಕಪ್ಪು ವಸ್ತುವಿನಿಂದ ನನ್ನ ಗಂಡನಿಗೆ ಬಿಕ್ಕಳಿಕೆ ಬರಿಸಿರುತ್ತಾನೆ. ಸದರಿ ಬಿಕ್ಕಳಿಕೆಯನ್ನು ಕೂಡಲೇ ನಿಲ್ಲಿಸಿಕೊಡಬೇಕಾಗಿ ಪ್ರಾರ್ಥನೆ.” ಓದಿ ಮುಗಿಸಿ ಆ ವಸ್ತುವಿನ ಕಡೆ ನೋಡಿದರು. “ಏನಪ್ಪಾ ಇದು?”

“ಗ್ರಿಲ್ಲು ಸಾರ್.”

“ಗ್ರಿಲ್ಲು ಕಿಟಕಿಗಿರ್ತದೆ. ಇದ್ರ ಕಿಟಕಿ ಎಲ್ಲೈತೆ?”

“ಇದಕ್ಕೆ ಕಿಟಕಿ ಇಲ್ಲ ಸಾರ್. ಇದು ಕೋಳಿ ಸುಡೋದು.”

“ಓಹೋ, ಕೋಳೀನೂ ಐತೋ.” ಗಂಗಹನುಮಯ್ಯನವರು ಬರೆದುಕೊಂಡರು. “ಕೋಳಿ ಸುಡೋಕೆ ಅಂದ್ಮೇಲೆ ಇದುವರ್ಗೂ ಎಷ್ಟು ಕೋಳಿ ಸುಟ್ಟಿದ್ದೀಯ?”

“ಒಂದೂ ಇಲ್ಲ ಸಾರ್.”

“ಸುಟ್ಟಿದ್ದೇನು?”

“ಏನೂ ಇಲ್ಲ ಸಾರ್. ಬರೀದೇ ಉರಿಸ್ದೆ.”

“ಬಾಯಿ ಮುಚ್ಚಿಸ್ತೀನಿ ಅಂದಿದ್ದು ನಿಜವೋ ಸುಳ್ಳೋ?”

“ಪೈಪಿನ ಬಾಯಿ ಸಾರ್!”

ಗೋಡೆಯಾಚೆಯಿಂದ “ಹಿಕ್” ಕೇಳಿಸಿತು. ಎಎಸ್‌ಐ ಆ ಕಡೆಗೊಂದು ಸಲ ಈ ಕಡೆಗೊಂದು ಸಲ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. ಮಾಟಕ್ಕೆ ಯಾವ ಸೆಕ್ಷನ್ ಹಾಕುವುದು, ಬಿಕ್ಕಳಿಕೆಯನ್ನು ಪಂಚನಾಮೆಯಲ್ಲಿ ಹೇಗೆ ವಶಪಡಿಸಿಕೊಳ್ಳುವುದು ಎಂದು ಅವರಿಗೆ ಹೊಳೆಯಲಿಲ್ಲ. ಕೊನೆಗೆ ಒಂದು ತೀರ್ಪು ಕೊಟ್ಟರು: “ನೋಡು, ಭಾನುವಾರ ಮಧ್ಯಾಹ್ನ ಎಲ್ಲರ ಮುಂದೆ ಇದ್ರಲ್ಲಿ ಕೋಳಿ ಬೇಯಿಸಿ ತೋರ್ಸು. ಬೆಂದ್ರೆ ಒಲೆ. ಬೇಯ್ದೇ ಹೋದ್ರೆ ಕೇಸು.”

ಮಾರನೆಯ ದಿನ ಕ್ಯಾಂಟೀನಿನಲ್ಲಿ ಬಾಲರಾಜು ಶೋಯೆಬ್‌ನ ಕೈ ಹಿಡಿದುಕೊಂಡ. ಶೋಯೆಬ್, “ಮಾಗಡೀಲಿ ನಮ್ಮ ಚಿಕ್ಕಮ್ಮನ ಮಗಳ ನಿಕಾಹ್ ಐತೆ ಅಣ್ಣಾ. ಮುಗಿಸ್ಕೊಂಡು ಎರಡು ಗಂಟೆ ಒಳಗೆ ಬರ್ತೀನಿ. ನಾನು ಬರೋವರೆಗೂ ಕೈ ಹಾಕ್ಬೇಡಿ,” ಅಂದ.

ಭಾನುವಾರ ಹನ್ನೆರಡು ಗಂಟೆಗೇ ತಾರಸಿ ತುಂಬಿತು. ರೈಲಿನ ಆರು ಜನ ಊಟಕ್ಕೆಂದು ಬಂದವರು ಸಾಕ್ಷಿಗಳ ಸಾಲಿನಲ್ಲಿ ನಿಲ್ಲಬೇಕಾಯಿತು. ಬೀದಿಯ ಹೆಂಗಸರು ಸೆರಗಿನ ತುದಿಗೆ ಬೇವಿನ ಸೊಪ್ಪು ಕಟ್ಟಿಕೊಂಡು ಬಂದರು. ನಾಗರಾಜುವನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಲ್ಲರಿಗಿಂತ ಮುಂದೆ ಕೂರಿಸಿದರು. ಒಂದು ವಾರಕ್ಕೆ ಅವನು ಅರ್ಧ ಆಳಾಗಿದ್ದ. ಬೈರಮ್ಮ ಮಾತ್ರ ಅಳಿಯನ ಪಕ್ಕದಲ್ಲೇ, ಮಂತ್ರಿಯ ಹಾಗೆ ನಿಂತಿದ್ದಳು.

ಒಂದು ಗಂಟೆಯಾಯಿತು. “ಶುರು ಮಾಡಪ್ಪಾ, ನಂಗೆ ಮೂರು ಗಂಟೆಗೆ ಬಂದೋಬಸ್ತ್ ಡ್ಯೂಟಿ,” ಅಂದರು ಎಎಸ್‌ಐ. ಅಡುಗೆಯವನು ಬರಲಿ ಎಂದು ಹೇಳಲು ಬಾಲರಾಜುವಿಗೆ ನಾಲಿಗೆ ಬರಲಿಲ್ಲ. ಆರು ಜನ ರೈಲಿನವರು ನೋಡುತ್ತಿದ್ದರಲ್ಲ.

ಇದ್ದಿಲು ಸುರಿದ. ಹೊತ್ತಲಿಲ್ಲ. ಪೇಪರು ತುರುಕಿದ, ಪೇಪರು ಉರಿದು ಇದ್ದಿಲು ತಣ್ಣಗೆ ಉಳಿಯಿತು. ಕೊಬ್ಬರಿ ಎಣ್ಣೆ ಹೊಯ್ದ. ಹೊಗೆ ಎದ್ದು ಮುಂದಿನ ಸಾಲಿನವರು ಕೆಮ್ಮಿದರು. ಹೊಗೆ ಬಂತೆಂದರೆ ಬೆಂಕಿ ಬಂದಂತೆ ಎಂದು ತಿಳಿದು, ಎಣ್ಣೆ ಮಸಾಲೆಯಲ್ಲಿ ಈಜುತ್ತಿದ್ದ ಇಡೀ ಕೋಳಿಯನ್ನು ಎತ್ತಿ ಜಾಲರಿಯ ಮೇಲಿಟ್ಟು, ಮುಚ್ಚಳ ಮುಚ್ಚಿ, ಮುಚ್ಚಳದ ತೂತನ್ನೂ ಬಿಗಿಯಾಗಿ ಮುಚ್ಚಿದ. ಶಾಖ ಹೊರಗೆ ಹೋಗಬಾರದಲ್ಲ!

ಹತ್ತು ನಿಮಿಷ ಕಳೆಯಿತು. ಹಿಕ್. ಹಿಕ್. ಕೋಳಿಯ ಎಣ್ಣೆ ಕೆಳಗೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

“ಬೆಂದೈತೇನಪ್ಪಾ?” ಅಂದರು ಎಎಸ್‌ಐ.

“ಆಗೋಯ್ತು ಸಾರ್,” ಅಂದು ಬಾಲರಾಜು ಮುಚ್ಚಳವನ್ನು ಒಮ್ಮೆಲೇ ಕಿತ್ತ.

ಉಸಿರು ಕಟ್ಟಿಕೊಂಡು ಕೂತಿದ್ದ ಬೆಂಕಿಗೆ ಗಾಳಿ ಸಿಕ್ಕಿತು. ಭಗ್ಗನೆ ಆಳೆತ್ತರದ ಉರಿ ಎದ್ದಿತು. ಬಾಲರಾಜುವಿನ ಎರಡು ಹುಬ್ಬೂ ಅರ್ಧ ಮೀಸೆಯೂ ಆ ಗಳಿಗೆಯಲ್ಲೇ ಸಂದವು. ಹೆಂಗಸರು ಕಿರುಚಿದರು. ನಾಗರಾಜು ಕುರ್ಚಿಸಮೇತ ಹಿಂದಕ್ಕೆ ಬಿದ್ದು, ಕಾಲು ಮೇಲೆ ಮಾಡಿಕೊಂಡು, ಮಾರುಕಟ್ಟೆಯ ಹಳೇ ಗಂಟಲಿನಲ್ಲಿ ಅರಚಿದ: “ಅಯ್ಯಯ್ಯಪ್ಪೋ! ಸತ್ನಲ್ರಪ್ಪೋ! ಯಾರಾದ್ರೂ ಹಿಡ್ಕೊಳ್ರೋ, ಈ ಬಡ್ಡೀಮಗ ಬೀದೀನೇ ಸುಟ್ಟಾಕ್ತಾವ್ನೆ ಕಣ್ರೋ!”

ಉರಿ ಇಳಿಯಿತು. ಎಲ್ಲರೂ ಬೆಂಕಿಯನ್ನು ಬಿಟ್ಟು ನಾಗರಾಜುವನ್ನು ನೋಡಿದರು. ಇಷ್ಟುದ್ದದ ಮಾತು, ನಡುವೆ ಒಂದೂ ಹಿಕ್ ಇಲ್ಲ.

“ಇನ್ನೊಂದ್ಸಲ ಬೈಯ್ರಿ,” ಅಂದಳು ಮಂಗಳಗೌರಮ್ಮ.

ನಾಗರಾಜು ಇನ್ನೊಂದು ಸಲ, ಮೊದಲಿಗಿಂತ ಸವಿಸ್ತಾರವಾಗಿ ಬೈದ. ಎಎಸ್‌ಐ ಗಡಿಯಾರ ಹಿಡಿದು ಐದು ನಿಮಿಷ ಎಣಿಸಿದರು. ಬಿಕ್ಕಳಿಕೆ ಹೋಗಿತ್ತು. ಹೆಂಗಸರಲ್ಲಿ ಒಬ್ಬಳು ಕೈಮುಗಿದಳು.

“ಗಾಬರಿ ಆಗಿ ನಿಂತೈತೆ ಅಷ್ಟೇ!” ಬಾಲರಾಜು ಹುಬ್ಬಿಲ್ಲದ ಮುಖದಲ್ಲಿ ಕೂಗಿದ. “ಗಾಬರಿ ಆದ್ರೆ ಯಾರ್ಗಾದ್ರೂ ನಿಲ್ತದೆ! ಇದು ಒಲೆ ಕಣ್ರಯ್ಯಾ, ಒಲೆ!”

“ಒಲೆ ಆಗಿದ್ರೆ ಕೋಳಿ ಬೇಯ್ಬೇಕಿತ್ತಲ್ಲ,” ಅಂದರು ಗಂಗಹನುಮಯ್ಯನವರು. ಇಕ್ಕಳದಲ್ಲಿ ಕೋಳಿ ಎತ್ತಿದರು. ಹೊರಗೆ ಇದ್ದಿಲು. ಚಾಕು ಹಾಕಿದರೆ ಒಳಗೆ ಅಂಗಡಿಯಿಂದ ತಂದ ಹಾಗೇ ಹಸಿ. ಅವರು ಬಹಳ ಹೊತ್ತು ಯೋಚಿಸಿ ಅರ್ಜಿಯ ಹಿಂದೆ ಬರೆದರು: ‘ಸ್ಥಳ ಪರಿಶೀಲಿಸಲಾಯಿತು. ಕೋಳಿ ಬೆಂದಿರುವುದಿಲ್ಲ. ಬಾಧಿತನು ಗುಣ ಹೊಂದಿರುತ್ತಾನೆ. ಅರ್ಜಿ ಮುಕ್ತಾಯ.’ ಬರೆದು, ಸಹಿ ಹಾಕಿ, ಬಂದೋಬಸ್ತಿಗೆ ಹೊರಟರು.

ಎರಡು ಗಂಟೆಗೆ ಶೋಯೆಬ್ ನಿಕಾಹ್‌ನ ಹೊಸ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಬಂದ. ಬಾಲರಾಜುವಿನ ಮುಖ ನೋಡಿ ಅವನಿಗೆ ಮೊದಲು ಗುರುತು ಹತ್ತಲಿಲ್ಲ. “ಅಣ್ಣಾ, ಇದ್ದಿಲ ಮೇಲೆ ಬೂದಿ ಬೆಳ್ಳಗೆ ಹೂ ಬಿಡೋವರ್ಗೂ ಕಾಯ್ಬೇಕು. ಕೆಂಡ ಒಂದು ಕಡೆ ತಳ್ಳಿ ಕೋಳಿ ಇನ್ನೊಂದು ಕಡೆ ಇಡ್ಬೇಕು. ತೂತು ಮುಚ್ಚಿದ್ರೆ ಬೆಂಕಿ ಉಸಿರು ಎಲ್ಲಿಂದ ತಗೋತದೆ?” ಎಂದು ತೋಳು ಮಡಿಸಿ ಇನ್ನೊಂದು ಕೋಳಿಯನ್ನು ಹದವಾಗಿ ಸುಟ್ಟುಕೊಟ್ಟ. ತಾರಸಿಯೆಲ್ಲ ಘಮ ಅಂತು. ಬಾಲರಾಜು ಒಂದು ತುಂಡಿಗೆ ಕೈ ಚಾಚುವ ಮೊದಲೇ ಬೈರಮ್ಮ ತಟ್ಟೆ ಎತ್ತಿಕೊಂಡು ಹೋಗಿ ಬೀದಿಯವರಿಗೆಲ್ಲ ಚೂರು ಚೂರು ಹಂಚಿಬಿಟ್ಟಳು. ಜನ ಅದನ್ನು ಕಣ್ಣಿಗೊತ್ತಿಕೊಂಡು ತಿಂದರು.

ಸಂಜೆಯೊಳಗೆ ನಾಗರಾಜು ತಾನೇ ನಿಂತು ಪೈಪನ್ನು ಬೇರೆ ಕಡೆಗೆ ತಿರುಗಿಸಿದ. “ಬಾಲಣ್ಣಾ, ಹೇಳಿದ್ರೆ ಅವತ್ತೇ ತಿರುಗಿಸ್ತಿದ್ನಲ್ಲ. ಅಷ್ಟಕ್ಕೆಲ್ಲ ದೊಡ್ಡದಕ್ಕೆ ಕೈ ಹಾಕ್ಬುಟ್ಯಲ್ಲ,” ಅಂದ. ಬಾಲರಾಜು ಹಣೆ ಚಚ್ಚಿಕೊಂಡ. ಅದನ್ನೂ ಜನ ಏನೋ ಸಂಜ್ಞೆ ಅಂದುಕೊಂಡರು.

ಮಂಗಳವಾರ ಕೆಲಸದಿಂದ ಬರುವಷ್ಟರಲ್ಲಿ ಗೇಟಿನ ಮುಂದೆ ಕನಕಪುರ ಕಡೆಯ ಒಂದು ಕಾರು ಕಾಯಿಲೆಯವರನ್ನು ಹೊತ್ತುಕೊಂಡು ಬಂದು ನಿಂತಿತ್ತು. ಶುಕ್ರವಾರ ಎರಡು. ಗ್ರಿಲ್ಲನ್ನು ಗುಜರಿಗೆ ಹಾಕೋಣವೆಂದರೆ ಗುಜರಿಯವನು ಮುಟ್ಟಲು ಒಪ್ಪಲಿಲ್ಲ. ಮಳೆಗೆ ನೆನೆದು ತುಕ್ಕು ಹಿಡಿಯಲೆಂದು ಅಂಗಳಕ್ಕೆ ತಳ್ಳಿದರೆ, ಬೆಳಗಾಗುವಷ್ಟರಲ್ಲಿ ಯಾರೋ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಮೇಲೊಂದು ಛತ್ರಿ ನೆಟ್ಟಿದ್ದರು. “ಇದು ಒಲೆ” ಎಂದು ಬಾಲರಾಜು ರಟ್ಟಿನ ಮೇಲೆ ಬರೆದು ನೇತುಹಾಕಿದ. ಅದನ್ನು ಓದಿದವರು, “ಎಷ್ಟು ವಿನಯ ನೋಡು,” ಅಂದುಕೊಂಡು ಹೋದರು.

ಶನಿವಾರ ಮಧ್ಯಾಹ್ನ ಸ್ಟೋರಿನಲ್ಲಿ ಕುಳಿತಿದ್ದಾಗ ಫೋನ್ ಬಂತು. ಎಎಸ್‌ಐ ಗಂಗಹನುಮಯ್ಯ. ಬಾಲರಾಜು ಕುರ್ಚಿಯಿಂದ ಎದ್ದು ನಿಂತ. ಅರ್ಜಿ ಮತ್ತೆ ತೆರೆದರೋ?

“ಏನಿಲ್ಲ ಕಣಪ್ಪಾ, ಪರ್ಸನಲ್ಲು,” ಅಂದರು ಎಎಸ್‌ಐ, ದನಿ ಸಣ್ಣ ಮಾಡಿಕೊಂಡು. “ನಮ್ಮನೆಯೋರ್ಗೆ ಮೂರು ವರ್ಷದಿಂದ ಸೊಂಟ ಹಿಡ್ಕೊಂಡೈತೆ. ನಾಳೆ ಒಸಿ ಕರ್ಕೊಂಡು ಬರ್ಲಾ ಅಂತ.”

ಬಾಲರಾಜು ಫೋನನ್ನು ಕಿವಿಯಿಂದ ದೂರ ಹಿಡಿದು ಒಂದು ಸಲ ನೋಡಿ, ಮತ್ತೆ ಕಿವಿಗಿಟ್ಟುಕೊಂಡ. “ಸಾರ್, ಅದು ಒಲೆ ಸಾರ್. ಬೇರೆಯೋರು ಹೋಗ್ಲಿ, ನೀವು ಅಲ್ಲೇ ನಿಂತು ಕಣ್ಣಾರೆ ನೋಡಿದ್ದೀರಲ್ಲ ಸಾರ್!”

“ನೋಡಿದ್ದೀನಿ ಕಣಪ್ಪಾ. ಅದಕ್ಕೇ ಫೋನ್ ಮಾಡಿದ್ದು.”

ಬಾಲರಾಜು ಕಣ್ಣು ಮುಚ್ಚಿಕೊಂಡ. ವಾರವೆಲ್ಲ ಹೊಗೆ ಕುಡಿದಿದ್ದ, ಹುಬ್ಬು ಕಳಕೊಂಡಿದ್ದ, ಊರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿತ್ತು. ಒಂದು ತುಂಡು ಕೋಳಿ ಮಾತ್ರ ಇದುವರೆಗೂ ಅವನ ಬಾಯಿಗೆ ಬಿದ್ದಿರಲಿಲ್ಲ.

“ಬನ್ನಿ ಸಾರ್,” ಅಂದ. “ಬರೋವಾಗ ಎರಡು ಕೋಳಿ ತನ್ನಿ. ಮಸಾಲೆ ಹಚ್ಚಿ, ಚೆನ್ನಾಗಿ ನೆನೆಸಿ ತನ್ನಿ. ಒಂದು ಅಮ್ಮಾವ್ರ ಸೊಂಟಕ್ಕೆ. ಇನ್ನೊಂದನ್ನ ಯಾರೂ ಮುಟ್ಟಂಗಿಲ್ಲ.”

“ಯಾರೂ ಮುಟ್ಟಕ್ಕಿಲ್ಲ ಬುಡಪ್ಪಾ,” ಅಂದರು ಎಎಸ್‌ಐ, ಭಯಭಕ್ತಿಯಿಂದ. “ಬೇಕಾದ್ರೆ ಒಬ್ಬ ಕಾನ್‌ಸ್ಟೇಬಲ್‌ನ ಕಾವಲಿಗೆ ಹಾಕ್ತೀನಿ.”